ಬೂದು ಬಣ್ಣದ ಪಾಲು

ಜಗತ್ತು ಏನು ತಿಂದು ಬದುಕುತ್ತದೆ ಎಂದು ತೋರಿಸುವ ವೃತ್ತಾಕಾರದ ನಕ್ಷೆಯೊಂದನ್ನು ಪತ್ರಿಕೆಯಲ್ಲಿ ನೋಡಿದೆ. ಅಕ್ಕಿ, ಗೋಧಿ, ಮೆಕ್ಕೆಜೋಳಗಳಿಗೆ ಒಂದೊಂದು ಗಾಢ ಬಣ್ಣ. ಉಳಿದದ್ದೊಂದು ಬೂದು ಚೂರು. ಅದರ ಮೇಲೆ ‘ಇತರೆ’ ಎಂದು ಬರೆದಿತ್ತು. ನನಗೆ ಮೈ ಉರಿಯಿತು. ಮರಗೆಣಸು, ಇಥಿಯೋಪಿಯದ ಸಣ್ಣ ಕಾಳು ಟೆಫ್, ದಕ್ಷಿಣ ಅಮೆರಿಕದ ಬೆಟ್ಟಗಳ ಕಾಳು ಕಿನೋವಾ, ದೀವಿಹಲಸು ಎಲ್ಲವನ್ನೂ ಒಂದೇ ಮೂಟೆಗೆ ತುಂಬಿ ಬಾಯಿ ಕಟ್ಟಿದ್ದರು.

ಇವುಗಳಲ್ಲಿ ಇತಿಹಾಸದ ಪುಸ್ತಕ ಹೊಕ್ಕ ಭಾಗ್ಯ ದೀವಿಹಲಸಿನದು. ಅದೂ ಊಟದ ದೆಸೆಯಿಂದಲ್ಲ, ಜಗಳದ ದೆಸೆಯಿಂದ. ಕೆರಿಬಿಯನ್ ತೋಟಗಳ ಗುಲಾಮರಿಗೆ ಅಗ್ಗದ ಆಹಾರ ಬೇಕೆಂದು ಒಡೆಯರು ಬೆನ್ನುಬಿದ್ದರು. ಬ್ರಿಟಿಷ್ ಸರ್ಕಾರ ಕಪ್ತಾನ ವಿಲಿಯಂ ಬ್ಲೈನನ್ನು ದೀವಿಹಲಸಿನ ಸಸಿ ತರಲು ಬೌಂಟಿ ಹಡಗಿನಲ್ಲಿ ಪೆಸಿಫಿಕ್ ಸಾಗರದ ತಾಹಿತಿ ದ್ವೀಪಕ್ಕೆ ಅಟ್ಟಿತು. ಹಡಗಿನ ದೊಡ್ಡ ಕೋಣೆ ಸಸಿಗಳಿಗೆ ಹೋಯಿತು, ಕಪ್ತಾನನಿಗೆ ಇಕ್ಕಟ್ಟು ಗೂಡು. 1789ರ ಏಪ್ರಿಲ್ 28ರಂದು ನಾವಿಕರು ದಂಗೆಯೆದ್ದು ಬ್ಲೈನನ್ನೂ ಅವನ ಕಡೆಯ 18 ಮಂದಿಯನ್ನೂ ತೆರೆದ ದೋಣಿಗೆ ತಳ್ಳಿದರು. ಸಾವಿರಕ್ಕೂ ಹೆಚ್ಚು ಸಸಿಗಳು ಸಮುದ್ರದ ಪಾಲಾದವು. ಬ್ಲೈ ಹೇಗೋ ತಿಮೋರ್ ಮುಟ್ಟಿದ. ಅಷ್ಟಕ್ಕೆ ಬಿಡುವ ಆಸಾಮಿಯಲ್ಲ, ಇನ್ನೊಂದು ಹಡಗು ಹತ್ತಿದ. ಈ ಸಲ ಕುಡಿಯುವ ನೀರಿನಲ್ಲೂ ಸಸಿಗಳದೇ ಮೊದಲ ಸರದಿ. ಹಡಗಿನಲ್ಲಿದ್ದ ತರುಣ ಮ್ಯಾಥ್ಯೂ ಫ್ಲಿಂಡರ್ಸ್, ಮೆಟ್ಟಿಲ ಮೇಲೆ ಚೆಲ್ಲಿದ ಹನಿಗಳನ್ನು ನೆಕ್ಕಿದ್ದನ್ನು ಮುಂದೆ ನೆನೆದುಕೊಂಡ. ಅಂತೂ 1793ರಲ್ಲಿ ಸಸಿಗಳು ಸೇಂಟ್ ವಿನ್ಸೆಂಟ್, ಜಮೈಕಗಳನ್ನು ತಲುಪಿ ಫಲ ಬಿಟ್ಟವು. ಗುಲಾಮರು ರುಚಿ ನೋಡಿ ಬೇಡವೆಂದರು. ಅವರನ್ನು ಮೊದಲೇ ಕೇಳಬಹುದಿತ್ತು.

ಮರಗೆಣಸಿಗೆ ದಂಗೆಯ ಯೋಗವಿಲ್ಲ. ದಕ್ಷಿಣ ಅಮೆರಿಕದ ಈ ಬೆಳೆ 16ನೇ ಶತಮಾನದಲ್ಲಿ ಪೋರ್ಚುಗೀಸರ ಜೊತೆ ಆಫ್ರಿಕಕ್ಕೆ ಹೋಗಿ, ಮಳೆ ಕೈಕೊಟ್ಟ ವರ್ಷಗಳಲ್ಲೂ ಹೊಟ್ಟೆ ತುಂಬಿಸಿತು. ಅದರ ಕಹಿ ತಳಿಗಳಲ್ಲಿ ಸಯನೈಡ್ ಹುಟ್ಟಿಸುವ ಗುಣವಿದೆ. ತುರಿದು, ಹುಳಿಬರಿಸಿ, ಹಿಂಡಿ, ಹುರಿದು ವಿಷ ಕಳೆಯಬೇಕು. ಈ ವಿದ್ಯೆ ಬಲ್ಲ ಹೆಂಗಸರನ್ನು ಯಾರೂ ವಿಜ್ಞಾನಿಗಳೆನ್ನುವುದಿಲ್ಲ. ಅದೇ ಗೆಡ್ಡೆಯ ಹಿಟ್ಟನ್ನು ಗೋಲಿ ಮಾಡಿ ಹಾಲಿನ ಚಹಾದಲ್ಲಿ ಮುಳುಗಿಸಿದರೆ ಸಾಲುಗಟ್ಟಿ ನಿಲ್ಲುವ ಜನ ಮರಗೆಣಸೆಂದರೆ ಮೂಗು ಮುರಿಯುತ್ತಾರೆ.

ವಿಶ್ವಸಂಸ್ಥೆ 2013ನ್ನು ಕಿನೋವಾಕ್ಕೂ 2023ನ್ನು ಸಿರಿಧಾನ್ಯಗಳಿಗೂ ಮೀಸಲಿಟ್ಟಿತು. ಸಂತೋಷ. ಸಾವಿರಾರು ವರ್ಷ ಉಣಿಸಿದ್ದಕ್ಕೆ ಹನ್ನೆರಡು ತಿಂಗಳ ಸನ್ಮಾನ! ಇಥಿಯೋಪಿಯದ ಎನ್ಸೆಟ್‌ಗೆ ಅದೂ ಇಲ್ಲ. ಥೇಟ್ ಬಾಳೆ ಗಿಡ, ಆದರೆ ಹಣ್ಣನ್ನು ತಿನ್ನುವುದಿಲ್ಲ. ದಿಂಡು, ಗೆಡ್ಡೆಗಳ ತಿರುಳನ್ನು ಹೊಂಡದಲ್ಲಿ ಹೂತು ಹುಳಿಬರಿಸಿ ರೊಟ್ಟಿ ಸುಡುತ್ತಾರೆ. ಸುಮಾರು ಎರಡು ಕೋಟಿ ಜನರ ಬದುಕು ಅದರ ಮೇಲೆ ನಿಂತಿದೆ. ಬಾಳೆಯೆಂದುಕೊಂಡು ಯಾರಾದರೂ ಅದರಲ್ಲಿ ಹಣ್ಣು ಹುಡುಕಿದರೆ, ಹುಡುಕಲಿ ಬಿಡಿ.