ಖಾತೆದಾರರಿಗೆ ಎಚ್ಚರವಾದ ಮೇಲೆ ಬನ್ನಿ

ನಮ್ಮ ದೊಡ್ಡಪ್ಪ ಮುಂದಾಲೋಚನೆಯ ಮನುಷ್ಯ. ಮುಪ್ಪಿನಲ್ಲಿ ಏನಾದರೂ ಆದರೆ ಇರಲಿ ಎಂದು ದೊಡ್ಡಮ್ಮನ ಹೆಸರಿಗೆ ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಬರೆಸಿ, ನೋಂದಾಯಿಸಿ, ಬೀರುವಿನಲ್ಲಿ ಇಟ್ಟಿದ್ದರು. ಕಳೆದ ವರ್ಷ ಆ ‘ಏನಾದರೂ’ ಆಗಿಯೇ ಬಿಟ್ಟಿತು. ಮೆದುಳಿನಲ್ಲಿ ರಕ್ತಸ್ರಾವ, ಕೋಮಾ. ದೊಡ್ಡಮ್ಮ ಪತ್ರ ಹಿಡಿದು ಬ್ಯಾಂಕಿಗೆ ಹೋದರು.

“ಪತ್ರ ಸರಿಯಾಗಿಯೇ ಇದೆ ಅಮ್ಮಾ, ಆದರೆ ಯಜಮಾನರಿಗೆ ಪ್ರಜ್ಞೆ ಇದ್ದರೆ ಮಾತ್ರ ಇದು ನಡೆಯುತ್ತದೆ” ಎಂದರು ಅಧಿಕಾರಿ.

ಪ್ರಜ್ಞೆ ಇದ್ದಿದ್ದರೆ ಯಜಮಾನರೇ ಬರುತ್ತಿದ್ದರು! ಆದರೂ ಅಧಿಕಾರಿಯನ್ನು ಬೈದು ಫಲವಿಲ್ಲ. 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಅಧಿಕಾರ ಕೊಟ್ಟವನ ಚಿತ್ತಸ್ವಾಸ್ಥ್ಯ ಹೋದರೆ ಕೊಟ್ಟ ಅಧಿಕಾರವೂ ಹೋಯಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ನೋಡಿ ನಗುತ್ತೇವೆ. ದೊಡ್ಡಪ್ಪ ಮೊದಲೇ ತೋಡಿಸಿದ್ದರು. ಬೆಂಕಿ ಬಿದ್ದೊಡನೆ ಬಾವಿ ಬತ್ತಬೇಕೆಂದು ಕಾನೂನಿದೆ. ಈ ಕಾಯ್ದೆಯನ್ನು ನಮಗೆ ಬಿಟ್ಟುಹೋದ ಬ್ರಿಟಿಷರು, ಬುದ್ಧಿ ಹೋದ ಮೇಲೂ ಉಳಿಯುವ ಅಧಿಕಾರಪತ್ರಕ್ಕೆ ತಮ್ಮ ದೇಶದಲ್ಲಿ 1985ರಲ್ಲೇ ಕಾಯ್ದೆ ಮಾಡಿಕೊಂಡರು. ನಾವು ಹಿರಿಯರ ಆಸ್ತಿಯನ್ನು ಅಷ್ಟು ಸುಲಭವಾಗಿ ಕೈಬಿಡುವವರಲ್ಲ.

ಬ್ಯಾಂಕಿಗೆ ಕರುಣೆಯಿಲ್ಲವೆಂದಲ್ಲ. ಸಹಿ ಹಾಕಲಾಗದ ರೋಗಿಯಿಂದ ಹೆಬ್ಬೆಟ್ಟು, ಇಲ್ಲವೇ ಕಾಲ್ಬೆರಳಿನ ಗುರುತು ಪಡೆಯಬಹುದೆಂದು ರಿಸರ್ವ್ ಬ್ಯಾಂಕೇ ಹೇಳಿದೆ, ಇಬ್ಬರು ಸಾಕ್ಷಿಗಳಿದ್ದರಾಯಿತು. ಸಾಲಕ್ಕಾಗಿ ಬ್ಯಾಂಕಿನ ಕಾಲು ಹಿಡಿದಿದ್ದ ದೊಡ್ಡಪ್ಪನ ಕಾಲನ್ನು ಬ್ಯಾಂಕೇ ಹಿಡಿಯುವ ಯೋಗ! ಅದೂ ತಪ್ಪಿತು. ಬೆರಳಿದ್ದರೆ ಸಾಲದು, ಒತ್ತುತ್ತಿದ್ದೇನೆ ಎಂಬ ಅರಿವೂ ಬೇಕಂತೆ.

ಹಾಗಾದರೆ ಕಾನೂನಿನ ಪ್ರಕಾರ ಪೋಷಕರನ್ನು (ಗಾರ್ಡಿಯನ್) ನೇಮಿಸಿಕೊಳ್ಳೋಣವೆಂದರೆ, 1890ರ ಕಾಯ್ದೆ ಅಪ್ರಾಪ್ತ ಮಕ್ಕಳಿಗೆ. ದೊಡ್ಡಪ್ಪನಿಗೆ ಎಪ್ಪತ್ತೆಂಟು. 1999ರದು ಆಟಿಸಂ, ಸೆರೆಬ್ರಲ್ ಪಾಲ್ಸಿಯಂಥ ಕೆಲವಕ್ಕೆ ಮಾತ್ರ. ಮಾನಸಿಕ ಅಸ್ವಸ್ಥರ ಆಸ್ತಿ ನೋಡಿಕೊಳ್ಳಲು ಒಬ್ಬರನ್ನು ನೇಮಿಸುವ ದಾರಿ 1987ರ ಕಾಯ್ದೆಯಲ್ಲಿತ್ತು. 2017ರ ಹೊಸ ಕಾಯ್ದೆ ಅದನ್ನೂ ಗುಡಿಸಿ ಹಾಕಿತು. ಉಳಿದದ್ದು ಹೈಕೋರ್ಟಿನ ರಿಟ್ ಅರ್ಜಿ. ಕೇರಳ ಹೈಕೋರ್ಟ್ 2019ರಲ್ಲಿ ಕೋಮಾ ರೋಗಿಗಳಿಗೆಂದೇ ಮಾರ್ಗಸೂಚಿ ಹಾಕಿಕೊಟ್ಟಿತು: ವೈದ್ಯರ ಮಂಡಳಿ ಪರೀಕ್ಷಿಸಬೇಕು, ತಹಶೀಲ್ದಾರರಿಗಿಂತ ಕೆಳಗಲ್ಲದ ಕಂದಾಯ ಅಧಿಕಾರಿ ಬಂದು ನೋಡಬೇಕು. ಕಾಯ್ದೆ ಮಾಡಬೇಕಾದವರು ನಿದ್ರಿಸುತ್ತಿರುವಾಗ ನ್ಯಾಯಾಲಯವಾದರೂ ಎದ್ದಿತಲ್ಲ, ಅದು ದೊಡ್ಡದು. ಆದರೆ ಗಂಡನ ಔಷಧಿಗೆ ಗಂಡನದೇ ಹಣ ತೆಗೆಯಲು ದೊಡ್ಡಮ್ಮ ಹೈಕೋರ್ಟಿಗೆ ರಿಟ್ ಅಧಿಕಾರ ಕೊಡುವ ಸಂವಿಧಾನದ 226ನೇ ವಿಧಿಯನ್ನು ಎಬ್ಬಿಸಬೇಕು.

“ನಾಮಿನಿ ನಾನೇ ಇದ್ದೇನಲ್ಲಪ್ಪ?” ಎಂದು ಅವರು ಕೇಳಿದ್ದುಂಟು. ಅಧಿಕಾರಿ ಪೆಚ್ಚಾಗಿ ಕಂಪ್ಯೂಟರಿನತ್ತ ತಿರುಗಿದರು. ನಾಮಿನಿಗೆ ಬೇಕಾದ ಕಾಗದ ಯಾವುದೆಂದು ಬಾಯಿಬಿಟ್ಟು ಹೇಳುವುದಾದರೂ ಹೇಗೆ? ಬ್ಯಾಂಕಿನ ನಮೂನೆಗಳಲ್ಲಿ ಮನುಷ್ಯರು ಎರಡೇ ಬಗೆ: ಸಹಿ ಹಾಕುವವರು ಮತ್ತು ಸತ್ತವರು. ನಡುವೆ ಉಸಿರಾಡುತ್ತ ಮಲಗಿರುವುದು ದೊಡ್ಡಪ್ಪನ ಅಶಿಸ್ತು.

ಆ ಸಂಜೆ ಮಗ ಆನ್‌ಲೈನಿನಲ್ಲಿ ಪ್ರಯತ್ನಿಸಿದ. ದಿಂಬಿನ ಪಕ್ಕದ ಮೊಬೈಲ್ ಸದ್ದು ಮಾಡಿತು. ಒಟಿಪಿಯನ್ನು ಯಾರಿಗೂ ತಿಳಿಸಬೇಡಿ ಎಂದು ಬ್ಯಾಂಕು ಕೇಳಿಕೊಂಡಿತ್ತು. ದೊಡ್ಡಪ್ಪ ತಿಳಿಸಲಿಲ್ಲ.