ಸತ್ಯಾಂಶ: ಎಸಿಎಲ್ ಹರಿದರೆ ಆಪರೇಷನ್ ಒಂದೇ ದಾರಿಯಾ?

"ಮಂಡಿಯ ಎಸಿಎಲ್ ಹರಿದರೆ ತಕ್ಷಣ ಆಪರೇಷನ್ ಆಗಲೇಬೇಕು, ವ್ಯಾಯಾಮ ಮಾಡಿದರೆ ಕಾಲೇ ಹಾಳು" ಎಂಬ ಮೆಸೇಜ್ ಓಡಾಡುತ್ತಿದೆ. ಇದು ನಿಜವಲ್ಲ. ಎಸಿಎಲ್ ಅಂದರೆ ಮಂಡಿಯೊಳಗೆ ತೊಡೆಯ ಮೂಳೆ, ಕೆಳಗಾಲಿನ ಮೂಳೆ ಎರಡನ್ನೂ ಹಿಡಿದಿಡುವ ಗಟ್ಟಿ ಪಟ್ಟಿ (ಲಿಗಮೆಂಟ್).

ಸ್ವೀಡನ್ನಿನಲ್ಲಿ ಎಸಿಎಲ್ ಹರಿದ 121 ಯುವಜನರ ಮೇಲೆ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಬೇಗ ಆಪರೇಷನ್, ಜೊತೆಗೆ ವ್ಯಾಯಾಮ. ಉಳಿದ 59 ಜನರಿಗೆ ಮೊದಲು ವ್ಯಾಯಾಮ, ಬೇಕಾದರೆ ಮಾತ್ರ ಆಪರೇಷನ್. ಎರಡು ವರ್ಷದ ನಂತರ ನೋವು, ಓಡಾಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ 59ರಲ್ಲಿ 36 ಜನರಿಗೆ ಎಸಿಎಲ್ ಆಪರೇಷನ್ ಆಗಿರಲೇ ಇಲ್ಲ.

ಶುರುವಿನ ವ್ಯಾಯಾಮ ತುಂಬಾ ಸರಳ. ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಮೆಲ್ಲಗೆ ಒತ್ತಿ ಹಿಡಿಯುವುದು. ತೊಡೆ ಬಿಗಿಯಾಗಿ ಮಂಡಿಚಿಪ್ಪು ಮೇಲಕ್ಕೆ ಸರಿಯುತ್ತದೆ. ಸುಮ್ನೆ ಮಲಗಿದರೆ ಇದೇ ಸ್ನಾಯು ಸೊರಗುತ್ತದೆ.

ಮಂಡಿ ಪದೇಪದೇ ಜಾರಿದರೆ, ಮಡಚಲಾಗದಂತೆ ಸಿಕ್ಕಿಕೊಂಡರೆ, ಕಬಡ್ಡಿಯಂಥ ಆಟಕ್ಕೆ ಮರಳಬೇಕಿದ್ದರೆ ಆಪರೇಷನ್ ಬೇಕಾಗಬಹುದು. ಆಮೇಲೂ ತಿಂಗಳುಗಟ್ಟಲೆ ವ್ಯಾಯಾಮ ಇದ್ದೇ ಇರುತ್ತದೆ. ಯಾವುದು ನಿಮಗೆ ಸರಿ ಎಂದು ಡಾಕ್ಟರ್, ಫಿಸಿಯೋಥೆರಪಿಸ್ಟ್ ಇಬ್ಬರನ್ನೂ ಕೇಳಿ.