ಪಂಚರ್ ಆಗದ ಪುಷ್ಪಕ

ಹಿಮಾಚಲದ ಊನಾ ಜಿಲ್ಲೆಯ ಶಾಲೆಯಲ್ಲಿ ನಡೆದದ್ದು ನಿಮಗೆ ಗೊತ್ತೇ ಇದೆ. 2025ರ ರಾಷ್ಟ್ರೀಯ ಬಾಹ್ಯಾಕಾಶ ದಿನ. ಸಂಸದ ಅನುರಾಗ್ ಠಾಕೂರ್ ಅವರು ಮಕ್ಕಳನ್ನು ಕೇಳಿದರು, ಬಾಹ್ಯಾಕಾಶಕ್ಕೆ ಎಲ್ಲರಿಗಿಂತ ಮೊದಲು ಹೋದವರು ಯಾರು ಅಂತ. ಮಕ್ಕಳು ನೀಲ್ ಆರ್ಮ್‌ಸ್ಟ್ರಾಂಗ್ ಅಂದರು. ನನಗೇನೋ ಹನುಮಾನ್‌ಜೀ ಅನಿಸುತ್ತೆ, ಅಂದರು ಸಂಸದರು. ಆಮೇಲೆ ನಡೆದ ಗದ್ದಲವೆಲ್ಲ ಹನುಮಂತನ ಪರ, ವಿರೋಧ. ಆ ಸದ್ದಿನಲ್ಲಿ ಆರ್ಮ್‌ಸ್ಟ್ರಾಂಗ್ ಮೆತ್ತಗೆ ಪಾಸಾಗಿಬಿಟ್ಟ. ಒಂದೇ ಪ್ರಶ್ನೆಗೆ ಎರಡು ಉತ್ತರ, ಎರಡೂ ತಪ್ಪು. ಒಂದು ಅಮೆರಿಕದ್ದು, ಇನ್ನೊಂದು ಕಿಷ್ಕಿಂಧೆಯದು.

ಕಿಷ್ಕಿಂಧೆ ನಮ್ಮ ಆನೆಗೊಂದಿಯ ಪಕ್ಕದಲ್ಲೇ ಇರುವುದರಿಂದ ಕನ್ನಡಿಗರು ಇದಕ್ಕೆ ಹೆಮ್ಮೆಪಡಬೇಕು. ಪಡೋಣ ಅಂದರೆ ಅಲ್ಲೂ ತಕರಾರು. ಹನುಮಂತ ಹುಟ್ಟಿದ್ದು ಗಂಗಾವತಿ ಹತ್ತಿರದ ಅಂಜನಾದ್ರಿಯಲ್ಲಿ ಅಂತ ನಾವು. ಅಲ್ಲ, ನಮ್ಮ ಬೆಟ್ಟದಲ್ಲಿ ಅಂತ 2021ರಲ್ಲಿ ತಿರುಮಲದವರು ಪಂಡಿತರ ಸಮಿತಿ ಕೂಡಿಸಿ ಘೋಷಿಸಿದರು. ಗೋಕರ್ಣ ಅಂದವರಿದ್ದಾರೆ. ನಾಸಿಕದ ಅಂಜನೇರಿ ಬೆಟ್ಟದವರು, ಜಾರ್ಖಂಡಿನ ಆಂಜನ ಗ್ರಾಮದವರು ಬೇರೆ. ಒಬ್ಬ ಗಗನಯಾತ್ರಿಗೆ ಐದು ಉಡಾವಣಾ ಕೇಂದ್ರ! ಇಸ್ರೋದವರು ಶ್ರೀಹರಿಕೋಟಾ ಬಿಟ್ಟು ಎರಡನೆಯದನ್ನು ಕುಲಶೇಖರಪಟ್ಟಣದಲ್ಲಿ ಕಟ್ಟಲು 2024ರಲ್ಲಿ ಅಡಿಗಲ್ಲು ಹಾಕಿದರು, ಪಾಪ.

ಹಾರಿದ ದೂರಕ್ಕೂ ಲೆಕ್ಕ ಸಿದ್ಧವಿದೆ. ಈ ಫಾರ್ವರ್ಡ್ ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂದಿರುತ್ತದೆ. ಹನುಮಾನ್ ಚಾಲೀಸಾದಲ್ಲಿ ಸೂರ್ಯ ಎಷ್ಟು ದೂರ ಅನ್ನುವಲ್ಲಿ ‘ಯುಗ ಸಹಸ್ರ ಯೋಜನ’ ಅಂತ ಬರುತ್ತದೆ. ಯುಗ ಅಂದರೆ 12,000. ಸಹಸ್ರ ಅಂದರೆ 1,000. ಯೋಜನ ಅಂದರೆ 8 ಮೈಲಿ. ಗುಣಿಸಿ: 9 ಕೋಟಿ 60 ಲಕ್ಷ ಮೈಲಿ. 1.6ರಿಂದ ಇನ್ನೊಮ್ಮೆ ಗುಣಿಸಿ: 15 ಕೋಟಿ 36 ಲಕ್ಷ ಕಿಲೋಮೀಟರ್. ನಾಸಾದವರಿಗೆ ಈಗ ಗೊತ್ತಾದದ್ದು ನಮ್ಮವರಿಗೆ ಆಗಲೇ ಗೊತ್ತಿತ್ತು, ಹತ್ತು ಜನಕ್ಕೆ ಕಳಿಸಿ.

ಕಳಿಸುವ ಮುಂಚೆ ಪಾಕವಿಧಾನ ನೋಡಿಕೊಳ್ಳಿ. ಯುಗ ಎಂಬುದು ಕಾಲದ ಅಳತೆ. ಅದನ್ನು ಯೋಜನದ ಜೊತೆ ಗುಣಿಸಿದರೆ ದೂರ ಬರುವುದು ಹೇಗೆ ಅಂತ ಕೇಳಬೇಡಿ. ನಾಲ್ಕೂ ಯುಗ ಸೇರಿದರೆ 12,000 ದಿವ್ಯವರ್ಷ, ಅಂದರೆ ದೇವತೆಗಳ ವರ್ಷ, ಅದನ್ನೇ ಇಲ್ಲಿ ಹಿಡಿದಿದ್ದಾರೆ. ಕಲಿಯುಗವೊಂದನ್ನೇ ಹಿಡಿದರೆ 1,200 ದಿವ್ಯವರ್ಷ. ಆಗ ಬಾಲಹನುಮ ದಾರಿಯ ಹತ್ತನೇ ಒಂದು ಪಾಲಿನಲ್ಲೇ ನಿಂತುಬಿಡುತ್ತಾನೆ. ಅದೇ ಕಲಿಯುಗವನ್ನು ಮನುಷ್ಯವರ್ಷದಲ್ಲಿ, ಅಂದರೆ 4,32,000 ಅಂತ ಹಿಡಿದರೆ ದೂರ 550 ಕೋಟಿ ಕಿಲೋಮೀಟರ್ ದಾಟುತ್ತದೆ, ಅಂದರೆ ನೆಪ್ಚೂನಿನಷ್ಟು ದೂರ ಹೋದರೂ ಸಾಲದು. ಯೋಜನವಾದರೂ ನೆಟ್ಟಗಿದೆಯೇ? ಒಬ್ಬರ ಪ್ರಕಾರ 5 ಮೈಲಿ, ಇನ್ನೊಬ್ಬರ ಪ್ರಕಾರ 8, ಮತ್ತೊಬ್ಬರ ಪ್ರಕಾರ 9. ಐದು ಹಿಡಿದರೆ ಹಣ್ಣು ಕೈಗೆ ಸಿಗುವುದಿಲ್ಲ, ಬುಧನ ಆಸುಪಾಸಿನಲ್ಲಿ ಪ್ರಯಾಣ ಮುಗಿಯುತ್ತದೆ. ಅದಕ್ಕೇ ಎಂಟು. ಗುತ್ತಿಗೆದಾರನನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಟೆಂಡರಿನ ಷರತ್ತು ಬರೆಯುವ ದೇಶದಲ್ಲಿ ಇದೇನೂ ಹೊಸ ವಿದ್ಯೆಯಲ್ಲ. ಅವಧಿ ಭಾಷೆಯಲ್ಲಿ ಬರೆದ ತುಳಸೀದಾಸರ ಯೋಜನವನ್ನು ಕಿಲೋಮೀಟರಿಗೆ ತರಲು ಇಂಗ್ಲಿಷರ ಮೈಲಿಯ ಮೇಲೆ ಹಾದುಬರಬೇಕಾಯಿತಲ್ಲ, ಅದೊಂದೇ ಬೇಜಾರು.

ಇಷ್ಟು ಬೆವರಿದ ಮೇಲೂ ಉತ್ತರ ತಪ್ಪು. ಸೂರ್ಯ ಸರಾಸರಿ 14 ಕೋಟಿ 96 ಲಕ್ಷ ಕಿಲೋಮೀಟರ್ ದೂರದಲ್ಲಿದ್ದಾನೆ. ಭೂಮಿಯ ದಾರಿ ತುಸು ಮೊಟ್ಟೆಯಾಕಾರ, ಜನವರಿಯಲ್ಲಿ ಹತ್ತಿರ, ಜುಲೈಯಲ್ಲಿ ದೂರ. ಅತಿ ದೂರವೆಂದರೂ 15 ಕೋಟಿ 21 ಲಕ್ಷ. ಫಾರ್ವರ್ಡಿನ ಹನುಮಂತ ಜುಲೈಯಲ್ಲೇ ಹೊರಟರೂ ಸೂರ್ಯನ ನಡುಮಧ್ಯವನ್ನು ದಾಟಿ 15 ಲಕ್ಷ ಕಿಲೋಮೀಟರ್ ಮುಂದೆ ಹೋಗಿರುತ್ತಾನೆ. ಸೂರ್ಯನ ಅಡ್ಡಳತೆಯೇ ಸುಮಾರು 14 ಲಕ್ಷ. ಅಂದರೆ ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಬಿದ್ದು, ಹಣ್ಣು ಎಲ್ಲಿ ಹೋಯಿತು ಅಂತ ಹಿಂತಿರುಗಿ ನೋಡುತ್ತಿರುತ್ತಾನೆ. ಮೈಸೂರಿಗೆ ಟಿಕೆಟ್ ತಗೊಂಡು ನಂಜನಗೂಡಲ್ಲಿ ಎಚ್ಚರಾದ ಹಾಗೆ. ಹಸಿದ ಮಗು ಸೂರ್ಯನನ್ನು ಹಣ್ಣು ಅಂದುಕೊಂಡಿತು ಅನ್ನುವ ಕಲ್ಪನೆಗೆ ಕ್ಯಾಲ್ಕುಲೇಟರ್ ಹಿಡಿದವರು ಯಾರೋ, ಅವರಿಗೆ ಕವಿತೆಯೂ ಬೇಡ, ಖಗೋಳವೂ ಬೇಡ.

ಕರ್ನಾಟಕದ ನಿಜವಾದ ಕೊಡುಗೆ ಇರುವುದು ವಿಮಾನದಲ್ಲಿ. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ ಜಾಗ ಹುಡುಕುತ್ತಿರುವವರು ಆನೇಕಲ್ಲಿನ ಇತಿಹಾಸ ಓದಿಕೊಂಡಂತಿಲ್ಲ. ಭರದ್ವಾಜ ಮಹರ್ಷಿಗಳದ್ದೆನ್ನುವ ‘ವೈಮಾನಿಕ ಶಾಸ್ತ್ರ’ ಹೊರಬಿದ್ದದ್ದು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳ ಬಾಯಿಂದ, ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ. ಅವರು ಹೇಳಿದರು, ವೆಂಕಟಾಚಲ ಶರ್ಮರು ಬರೆದುಕೊಂಡರು. ನಕ್ಷೆ ಬರೆದವರು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ಡ್ರಾಫ್ಟ್ಸ್‌ಮನ್ ಎಲ್ಲಪ್ಪನವರು, 1923ರಲ್ಲಿ. ಮೈಸೂರಿನ ಜಿ. ಆರ್. ಜೋಸ್ಯರ್ ಅದನ್ನು 1973ರಲ್ಲಿ ಇಂಗ್ಲಿಷಿಗೆ ತಂದರು. ಅಷ್ಟರಲ್ಲಿ ರೈಟ್ ಸಹೋದರರು ಹಾರಿ 70 ವರ್ಷವಾಗಿತ್ತು, ಮನುಷ್ಯ ಚಂದ್ರನ ಮೇಲೆ ಓಡಾಡಿ ವಾಪಸ್ ಬಂದಾಗಿತ್ತು.

ಮರುವರ್ಷವೇ, 1974ರಲ್ಲಿ, ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಆ ಪುಸ್ತಕವನ್ನು ಕೂತು ಓದಿದರು. ಬೈಯುವುದು ಸುಲಭವಿತ್ತು, ಇವರು ಓದಿದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ಅಳತೆ, ಆಕಾರ, ತಳ್ಳುವ ಬಗೆ ಎಲ್ಲವನ್ನೂ ಪರೀಕ್ಷಿಸಿದರು. ಗಾಳಿಗಿಂತ ಭಾರವಾದದ್ದು ಹಾರಬೇಕಾದರೆ ಎತ್ತುವ ಬಲ ತೂಕಕ್ಕೆ ಸಾಕಾಗಬೇಕು. ಗುರುತ್ವಕೇಂದ್ರ ಸರಿಯಾದ ಜಾಗದಲ್ಲಿರಬೇಕು. ತೀರ ಹಿಂದಕ್ಕೆ ಸರಿದರೆ ಮೂಗು ಮೇಲೇಳುತ್ತದೆ, ರೆಕ್ಕೆಯ ಮೇಲೆ ಹರಿಯುವ ಗಾಳಿ ಕಳಚಿಕೊಳ್ಳುತ್ತದೆ, ವಿಮಾನ ಕಲ್ಲಿನ ಹಾಗೆ ಬೀಳುತ್ತದೆ. ಇದರ ಅರಿವೇ ಪುಸ್ತಕದಲ್ಲಿಲ್ಲ ಅಂದರು. ರುಕ್ಮವೊಂದರಲ್ಲಿ ಮಾತ್ರ ಸ್ವಲ್ಪ ಅರ್ಥ ಕಂಡಿತು: ಮೇಲೆ ಫ್ಯಾನು, ಕೆಳಕ್ಕೆ ಉದ್ದ ಕೊಳವೆ, ಗಾಳಿ ಎಳೆದು ಕೆಳಗೆ ನೂಕುವ ಏರ್ಪಾಡು. ಉಳಿದವುಗಳ ತಳ್ಳುವ ಯಂತ್ರ ಹಾರಾಟಕ್ಕೆ ಸಹಾಯ ಮಾಡುವ ಬದಲು ಅಡ್ಡಿ ಮಾಡುತ್ತದೆ. ಸಂಸ್ಕೃತವೂ ಹೊಸದು, ಗ್ರಂಥ 1904ಕ್ಕಿಂತ ಹಳೆಯದಿರಲಾರದು ಅಂತ ತೀರ್ಮಾನ. ಇವರನ್ನೆಲ್ಲ ಎಡಪಂಥೀಯರು, ಮೆಕಾಲೆ ಮಕ್ಕಳು ಅಂತ ಬೈಯಲು ಹೊರಟವರಿಗೆ ಒಂದು ತೊಡಕಿದೆ. ಐವರಲ್ಲಿ ಒಬ್ಬರು ಎಚ್. ಆರ್. ನಾಗೇಂದ್ರ. ಮುಂದೆ ಯೋಗ ವಿಶ್ವವಿದ್ಯಾಲಯದ ಕುಲಾಧಿಪತಿಯಾಗಿ 2016ರಲ್ಲಿ ಪದ್ಮಶ್ರೀ ಪಡೆದವರು ಇವರೇ.

ಐವತ್ತು ವರ್ಷದ ಹಿಂದೆ ಬೆಂಗಳೂರಿನಲ್ಲೇ ಇತ್ಯರ್ಥವಾದ ವ್ಯಾಜ್ಯ ಇದು. ಆದರೂ 2015ರಲ್ಲಿ ಮುಂಬೈಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಅದೇ ಪುಸ್ತಕ ವೇದಿಕೆ ಹತ್ತಿತು. ವಿಮಾನಗಳು ಗ್ರಹದಿಂದ ಗ್ರಹಕ್ಕೆ ಹೋಗುತ್ತಿದ್ದವು, ಹಿಂದಕ್ಕೂ ಹಾರುತ್ತಿದ್ದವು, 40 ಸಣ್ಣ ಎಂಜಿನ್ ಇದ್ದವು. ಮರುವರ್ಷ ಮೈಸೂರಿನ ಅಧಿವೇಶನದಲ್ಲಿ ಐಎಎಸ್ ಅಧಿಕಾರಿಯೊಬ್ಬರು ಶಂಖ ಊದಿದರು. ನೊಬೆಲ್ ಪಡೆದ ವೆಂಕಿ ರಾಮಕೃಷ್ಣನ್ ಇದೊಂದು ಸರ್ಕಸ್ಸು, ಇನ್ನು ಬರಲಾರೆ ಅಂದರು. 2019ರಲ್ಲಿ ಜಲಂಧರದಲ್ಲಿ ಕುಲಪತಿಯೊಬ್ಬರು ರಾವಣನ ಬಳಿ 24 ಬಗೆಯ ವಿಮಾನಗಳಿದ್ದವು, ಲಂಕೆಯಲ್ಲಿ ನಿಲ್ದಾಣಗಳಿದ್ದವು ಅಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವುದು ಹಳೇ ಮಾತು. ಈಗ ಕರುವಿಗೆ ಕುಲಪತಿಗಳೇ ಹೆಸರಿಡುತ್ತಾರೆ.

ಇಪ್ಪತ್ತನಾಲ್ಕು ಬಗೆ! ಒಂದಾದರೂ ಕೆಟ್ಟಿತ್ತೇ? ಗಮನಿಸಿ, ಈ ಕಥೆಗಳಲ್ಲಿ ಯಾವ ವಿಮಾನವೂ ರಿಪೇರಿಗೆ ನಿಲ್ಲುವುದಿಲ್ಲ. ಪುಷ್ಪಕಕ್ಕೆ ಟೈರು ಪಂಚರ್ ಆಗಲಿಲ್ಲ. ಎಷ್ಟು ಜನ ಹತ್ತಿದರೂ ಒಂದು ಸೀಟು ಖಾಲಿ ಇರುತ್ತಿತ್ತಂತೆ, ಮೆಜೆಸ್ಟಿಕ್ಕಿನಲ್ಲಿ ಸಂಜೆ ಆರಕ್ಕೆ ನಿಂತವರು ಕೈಮುಗಿಯಬೇಕಾದ ವಾಹನ. ಮೆಕ್ಯಾನಿಕ್ ಇಲ್ಲ, ಸ್ಪ್ಯಾನರ್ ಇಲ್ಲ, ಬಿದ್ದು ಸತ್ತ ಪರೀಕ್ಷಾ ಪೈಲಟ್ ಇಲ್ಲ, ಎಣ್ಣೆ ಸೋರಿದ ಗುರುತಿಲ್ಲ. ಧಾರಾನಗರದ ಭೋಜರಾಜ ಹನ್ನೊಂದನೇ ಶತಮಾನದಲ್ಲಿ ಪಾದರಸ ಕಾಯಿಸಿ ಹಾರಿಸುವ ಮರದ ಹಕ್ಕಿಯ ಬಗ್ಗೆ ಬರೆದು, ಜೋಡಿಸುವ ವಿಧಾನ ಗೊತ್ತಿಲ್ಲದ್ದರಿಂದ ಬಿಟ್ಟದ್ದಲ್ಲ, ಗುಟ್ಟಾಗಿರಲಿ ಅಂತ ಬಿಟ್ಟದ್ದು ಅಂದ. ಮಾಹಿತಿ ಹಕ್ಕಿನ ಅರ್ಜಿಗೆ ಬಂದ ಉತ್ತರವೊಂದನ್ನು ಓದಿ ನೋಡಿ, ಭೋಜನ ವಂಶ ಅಳಿದಿಲ್ಲ.

ಇಲ್ಲಿ ಯಕ್ಷಗಾನದ ಮಾತು ಬರಲೇಬೇಕು. ರಂಗಸ್ಥಳದ ಮೇಲೆ ಒಂದು ಮರದ ಪೀಠ. ಅದೇ ರಥ, ಅದೇ ಸಿಂಹಾಸನ, ಅದೇ ಪುಷ್ಪಕ. ಹನುಮಂತ ಚೆಂಡೆಯ ಏಟಿಗೆ ಎರಡು ಸುತ್ತು ಬಂದರೆ ಕಡಲು ದಾಟಿಯಾಯಿತು. ಭಾಗವತರು ಲಂಕೆ ಬಂತು ಅಂದರೆ ಬಂತು. ಬೆಳಗಿನ ಜಾವದವರೆಗೆ ಕಣ್ಣು ಮಿಟುಕಿಸದೆ ನೋಡುವ ಅಜ್ಜಿ ಹನುಮಂತ ಹಾರಿದ್ದನ್ನು ಖಂಡಿತ ನಂಬುತ್ತಾಳೆ. ಬೆಳಗಾದ ಮೇಲೆ ಊರಿಗೆ ಹೋಗಲು ಬಸ್ಸಿಗೇ ಕಾಯುತ್ತಾಳೆ. ಅವಳಿಗೆ ಎರಡೂ ಗೊತ್ತು, ಎರಡರ ಗೆರೆಯೂ ಗೊತ್ತು. ಪೀಠದಡಿ ಬಗ್ಗಿ ಎಂಜಿನ್ ಹುಡುಕಿದವರು ಸೂಟು ಹಾಕಿಕೊಂಡು ಪ್ರಬಂಧ ಮಂಡಿಸಿದವರು.

ಪೀಣ್ಯದ ಕಥೆಗೆ ಮಾತ್ರ ಫಾರ್ವರ್ಡ್ ಇಲ್ಲ. ಕೈಗಾರಿಕಾ ವಸಾಹತುವಿನ ಶೆಡ್ಡುಗಳಲ್ಲಿ ಉಡುಪಿ ಹತ್ತಿರದ ಅದಮಾರಿನ ಯು. ಆರ್. ರಾವ್ ಮತ್ತು ಅವರ ಹುಡುಗರು ದೇಶದ ಮೊದಲ ಉಪಗ್ರಹ ಕಟ್ಟಿದರು. 26 ಮುಖ, ಸುಮಾರು 360 ಕಿಲೋ. ಅದರ ಸಂಕೇತ ಹಿಡಿಯಲು ಬೆಂಗಳೂರಿನಲ್ಲಿ ಜಾಗ ಸಾಲದೆ ಶೌಚಾಲಯವೊಂದನ್ನೇ ಕೇಂದ್ರವನ್ನಾಗಿ ಮಾಡಿಕೊಂಡರು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೇಲೆ ಆರ್ಯಭಟ ಹೋಯಿತು. ಐದನೇ ದಿನಕ್ಕೆ ಕರೆಂಟು ಕೈಕೊಟ್ಟಿತು, ಪ್ರಯೋಗಗಳು ನಿಂತವು. ಅದೇ ಉಪಗ್ರಹ ಎರಡು ರೂಪಾಯಿ ನೋಟಿನ ಬೆನ್ನ ಮೇಲೆ ಬಂತು. ಕೆಟ್ಟುಹೋದ ಯಂತ್ರವನ್ನು ನೋಟಿನ ಮೇಲೆ ಹಾಕಿಸಿಕೊಳ್ಳುವ ಗುಂಡಿಗೆ ಆಗ ಈ ದೇಶಕ್ಕಿತ್ತು.

ಎತ್ತಿನಗಾಡಿಯ ಚಿತ್ರ ಎಲ್ಲರಿಗೂ ಗೊತ್ತು, 1981ರ ಆ್ಯಪಲ್ ಉಪಗ್ರಹ. ನೋಡಿ ನಮ್ಮ ಬಡತನ, ನೋಡಿ ನಮ್ಮ ಸಾಧನೆ, ಎರಡಕ್ಕೂ ಅದೊಂದೇ ಚಿತ್ರ ಸಾಕು. ಆ್ಯಂಟೆನಾ ಪರೀಕ್ಷೆಗೆ ಸುತ್ತ ಲೋಹ ಇರಬಾರದಿತ್ತು, ಲಾರಿಯ ತಗಡು ಅಳತೆ ಕೆಡಿಸುತ್ತಿತ್ತು, ಅದಕ್ಕೇ ಮರದ ಗಾಡಿ ತಂದರು. ಬಡತನವಲ್ಲ, ಬುದ್ಧಿ. ಆ ಅರ್ಧ ಸಾಲನ್ನು ಚಿತ್ರದ ಕೆಳಗೆ ಹಾಕಲು ಯಾರಿಗೂ ಮನಸ್ಸು ಬರಲಿಲ್ಲ. ಬುದ್ಧಿಗೆ ಕಣ್ಣೀರು ಬರುವುದಿಲ್ಲವಲ್ಲ.

ಆಗಸ್ಟ್ 23 ರಾಷ್ಟ್ರೀಯ ಬಾಹ್ಯಾಕಾಶ ದಿನವಾದದ್ದು ಏಕೆ? 2023ರಲ್ಲಿ ಅಂದು ಚಂದ್ರಯಾನ-3 ಇಳಿಯಿತು. ಇಳಿದದ್ದು ಏಕೆ? 2019ರಲ್ಲಿ ಹಿಂದಿನದು ಬಿದ್ದಿತ್ತು, ಅದಕ್ಕೆ. ಬಿದ್ದದ್ದಕ್ಕೆ ಸಂಸತ್ತಿನಲ್ಲಿ ಕೊಟ್ಟ ಹೆಸರು ‘ಹಾರ್ಡ್ ಲ್ಯಾಂಡಿಂಗ್’, ಅದೂ ಗೊತ್ತುಮಾಡಿದ ಜಾಗದಿಂದ 500 ಮೀಟರಿನೊಳಗೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಆದರೆ ಎಂಜಿನಿಯರುಗಳು ಮೀಸೆ ನೋಡಿಕೊಳ್ಳುತ್ತ ಕೂರಲಿಲ್ಲ. ಏನೇನು ಕೆಡಬಹುದು ಅಂತ ಪಟ್ಟಿ ಮಾಡಿದರು. ಕಾಲು ಗಟ್ಟಿ ಮಾಡಿದರು, ಇಂಧನ ಹೆಚ್ಚಿಸಿದರು, ಐದು ಎಂಜಿನ್ನಿನಲ್ಲಿ ನಡುವಿನದನ್ನು ತೆಗೆದು ನಾಲ್ಕಕ್ಕಿಳಿಸಿದರು. ಇಳಿಯುವ ಜಾಗವನ್ನು 500 ಮೀಟರ್ ಚೌಕದಿಂದ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. ಆ ಪಟ್ಟಿಯ ದಿನ ಇದು. ಆ ದಿನ ಮಕ್ಕಳ ಮುಂದೆ ನಿಂತವರು ಆ ಪಟ್ಟಿ ಬಿಟ್ಟು ಬೇರೆಲ್ಲ ಹೇಳುತ್ತಾರೆ. ನಗುವುದಕ್ಕೂ ಸುಸ್ತಾಗುತ್ತದೆ. ಪಠ್ಯಪುಸ್ತಕ ಓದಿ ಹೋಗುವಷ್ಟು ವ್ಯವಧಾನವೂ ಇಲ್ಲವೇ ಇವರಿಗೆ? ಮಕ್ಕಳು ತಪ್ಪು ಹೇಳಿದರೆ ತಿದ್ದುವುದಕ್ಕೆ ತಾನೇ ದೊಡ್ಡವರು ಅಂತ ಶಾಲೆಗೆ ಕರೆಯುವುದು?

ಸರಿ ಉತ್ತರ ಯೂರಿ ಗಗಾರಿನ್, ಮಕ್ಕಳೇ. 1961ರ ಏಪ್ರಿಲ್ 12, ಒಟ್ಟು 108 ನಿಮಿಷ. ಅದರಲ್ಲೂ ಕೆಟ್ಟಿತು. ವಾಪಸ್ ಬರುವಾಗ ಎರಡು ಭಾಗ ಬೇರೆಯಾಗಬೇಕಿತ್ತು, ತಂತಿಗಳ ಕಟ್ಟು ಬಿಡಲಿಲ್ಲ, ಗಗಾರಿನ್ ಕೂತಿದ್ದ ಗೋಳ ಗಿರಗಿರ ತಿರುಗಿತು, ಬಿಸಿಗೆ ತಂತಿ ಸುಟ್ಟ ಮೇಲೆ ಬಿಡುಗಡೆ. ನೌಕೆಯೊಳಗೆ ಕೂತು ಇಳಿಯುವ ಏರ್ಪಾಡೇ ಇರಲಿಲ್ಲ. ಏಳು ಕಿಲೋಮೀಟರ್ ಎತ್ತರದಲ್ಲಿ ಹೊರಚಿಮ್ಮಿ ಪ್ಯಾರಾಚೂಟಿನಲ್ಲಿ ಇಳಿದ. ಹಾರಾಟದ ವಿಶ್ವದಾಖಲೆಯ ನಿಯಮದ ಪ್ರಕಾರ ನೌಕೆಯಲ್ಲೇ ಇಳಿಯಬೇಕಿತ್ತು. ಹಾಗಾಗಿ ಸೋವಿಯತ್ ಸರ್ಕಾರ ನೌಕೆಯಲ್ಲೇ ಇಳಿದ ಅಂತ ವರ್ಷಗಟ್ಟಲೆ ಸುಳ್ಳು ಹೇಳಿತು. ಅವರಿಗೂ ಕೆಡದ ವಿಮಾನವೇ ಬೇಕಿತ್ತು. ಗಗಾರಿನ್ ಬಂದು ನಿಂತದ್ದು ಸರಾತೋವ್ ಕಡೆಯ ಹೊಲದಲ್ಲಿ. ಆಲೂಗಡ್ಡೆ ಗದ್ದೆಯಲ್ಲಿದ್ದ ಒಬ್ಬ ಅಜ್ಜಿ ಮತ್ತು ಮೊಮ್ಮಗಳು ಕಿತ್ತಳೆ ಉಡುಪಿನವನನ್ನು ಕಂಡು ಹೆದರಿ ಹಿಂದೆ ಸರಿದರು. ಹೆದರಬೇಡಿ, ನಾನೂ ನಿಮ್ಮವನೇ ಅಂದು, ಮಾಸ್ಕೋಗೆ ಸುದ್ದಿ ಮುಟ್ಟಿಸಬೇಕು, ಫೋನು ಎಲ್ಲಿದೆ ಅಂತ ಕೇಳಿದನಂತೆ.